ಅತಿಥಿ ವೈಫೈ: ಮಾಲೀಕರು ಉತ್ತರ ಕೊಡಲೇಬೇಕು

ಬೆಂಗಳೂರು–ಪುಣೆ ಹೆದ್ದಾರಿಯನ್ನು ಬಳ್ಳಾರಿ ಕಡೆಯಿಂದ ಬರುವ 150ಎ ಹೆದ್ದಾರಿ ಸಂಧಿಸುವುದು ಹಿರಿಯೂರಿನಲ್ಲಿ. ಹಾಗಾಗಿ ಈ ಊರಿನ ಲಾಡ್ಜುಗಳಲ್ಲಿ ತಂಗುವವರು ಹೆಚ್ಚಾಗಿ ದಾರಿಹೋಕರು. ಔಷಧ ಕಂಪನಿಗಳ ಪ್ರತಿನಿಧಿಗಳು, ಗಾಳಿಯಂತ್ರ ರಿಪೇರಿಗೆ ಬಂದವರು, ಲಾರಿ ಬಾಡಿಗೆಯ ಲೆಕ್ಕ ನೋಡುವವರು, ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಸಂಸಾರ ಸಮೇತ ನೀರು ನೋಡಲು ಹೊರಟವರು. ಇವರು ಕೌಂಟರಿನ ಮುಂದೆ ನಿಂತ ಕೂಡಲೇ ರಿಜಿಸ್ಟರ್ ತೆರೆದುಕೊಳ್ಳುತ್ತದೆ. ಹೆಸರು, ಊರು, ಮೊಬೈಲ್ ನಂಬರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಸಹಿ. ಜೊತೆಗೊಂದು ಆಧಾರ್ ಜೆರಾಕ್ಸ್. ಬಂದವರು ವಿದೇಶಿಯರಾದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಇಷ್ಟೆಲ್ಲ ಕೇಳುವ ಕೌಂಟರಿನ ಹಿಂದೆಯೇ, ದೇವರ ಪಟದ ಪಕ್ಕದಲ್ಲಿ, ಒಂದು ಚೀಟಿ ಅಂಟಿಸಿರುತ್ತದೆ: ವೈಫೈ ಹೆಸರು, ಕೆಳಗೆ ಪಾಸ್‌ವರ್ಡ್.

ಆ ಪಾಸ್‌ವರ್ಡ್ ಬಹುತೇಕ ಕಡೆ ಲಾಡ್ಜಿನ ಹೆಸರು, ಮುಂದೆ 123. ಫೈಬರ್ ಹಾಕಿಸಿದ ದಿನದಿಂದ ಅದನ್ನು ಯಾರೂ ಬದಲಿಸಿರುವುದಿಲ್ಲ. ಹೋದ ವರ್ಷ ಒಂದು ರಾತ್ರಿ ತಂಗಿದ್ದವನ ಫೋನು ಈ ವರ್ಷ ಅವನು ಎದುರಿನ ಅಂಗಡಿಯಲ್ಲಿ ಟೀ ಕುಡಿಯಲು ನಿಂತರೂ ತಾನಾಗಿಯೇ ಸೇರಿಕೊಳ್ಳುತ್ತದೆ. ಮಾಲೀಕರು ಎಂದಾದರೂ ಕುತೂಹಲಕ್ಕೆ ರೌಟರಿನ ಪುಟ ತೆರೆದರೆ, ಹತ್ತು ರೂಮಿನ ಲಾಡ್ಜಿನಲ್ಲಿ ಮೂವತ್ತೋ ನಲವತ್ತೋ ಉಪಕರಣಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಅರ್ಧಕ್ಕೆ ಹೆಸರಿಲ್ಲ. ಇವು ಯಾರವು ಎಂದು ಕೇಳಿದರೆ ಉತ್ತರವಿಲ್ಲ.

ಇದನ್ನು ಆತಿಥ್ಯವೆಂದು ಕರೆಯಲು ನಾವು ಸಿದ್ಧರಿಲ್ಲ. ಇದು ಹೊಣೆಗೇಡಿತನ. ಜಾಲವನ್ನು ತೆರೆದಿಟ್ಟವರು ಅದರೊಳಗೆ ಬಂದವರು ಯಾರೆಂದು ಹೇಳಲು ಶಕ್ತರಿರಬೇಕು. ಹೇಳಲಾಗದಿದ್ದರೆ ಆ ಜಾಲವನ್ನು ಸಾರ್ವಜನಿಕರಿಗೆ ತೆರೆಯುವ ಹಕ್ಕು ಅವರಿಗಿಲ್ಲ. ಲಾಡ್ಜುಗಳ ಬಗ್ಗೆ ಹೇಳಿದ್ದು ಹೆದ್ದಾರಿ ಬದಿಯ ಹೋಟೆಲುಗಳಿಗೆ, ಪಿ.ಜಿ.ಗಳಿಗೆ, ಕಲ್ಯಾಣ ಮಂಟಪಗಳಿಗೆ, ಕೋಚಿಂಗ್ ಸೆಂಟರುಗಳಿಗೂ ಸಲ್ಲುತ್ತದೆ. ಸಾರ್ವಜನಿಕರಿಗೆ ವೈಫೈ ಕೊಡುವ ಕಾಲೇಜು, ಪಂಚಾಯಿತಿ ಗ್ರಂಥಾಲಯಗಳಿಗೂ ವಿನಾಯಿತಿಯಿಲ್ಲ.

ಈ ಮಾತು ಅತಿಯಾಯಿತು ಎನ್ನುವವರಿಗೆ 2008ರ ಜುಲೈ ನೆನಪಿಸಬೇಕಾಗಿದೆ. ಆ ತಿಂಗಳ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ ನಡೆಯಿತು. ಮರುದಿನ ಅಹಮದಾಬಾದಿನಲ್ಲಿ. ಅಹಮದಾಬಾದಿನಲ್ಲಿ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಇಮೇಲ್ ಬಂತು. ಅದರ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದಲ್ಲಿ ಬಾಡಿಗೆಗಿದ್ದ ಅಮೆರಿಕದ ಪ್ರಜೆಯೊಬ್ಬರ ಫ್ಲ್ಯಾಟಿಗೆ. ಅವರ ವೈಫೈಗೆ ಭದ್ರತೆಯಿರಲಿಲ್ಲ, ಬೇರೆಯವರು ನುಗ್ಗಿ ಬಳಸಿಕೊಂಡಿದ್ದರು. ಮುಂದಿನ ಎರಡು ತಿಂಗಳಲ್ಲಿ ಅದೇ ಗುಂಪಿನ ಇಮೇಲುಗಳು ಮುಂಬೈನ ಒಂದು ಕಾಲೇಜಿನ, ಮತ್ತೆ ಚೆಂಬೂರಿನ ಒಂದು ಕಂಪನಿಯ ವೈಫೈ ಮೂಲಕ ಹೊರಟವು. ಮೂರು ಕಡೆಯೂ ಮೊದಲು ಪೊಲೀಸರು ಬಾಗಿಲು ತಟ್ಟಿದ್ದು ಜಾಲದ ಒಡೆಯರದ್ದು.

ಅದು ಹಾಗೆಯೇ ಆಗುವುದು. ಲಾಡ್ಜಿನ ರೌಟರಿನ ಹಿಂದೆ ನಲವತ್ತು ಫೋನುಗಳಿದ್ದರೂ ಹೊರಗಿನ ಲೋಕಕ್ಕೆ ಕಾಣುವುದು ಒಂದೇ ಐಪಿ ವಿಳಾಸ. ಆ ವಿಳಾಸದ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರೇ ಮೊದಲ ಸಂಶಯಿತರು. ಹೀಗಾಗಿಯೇ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಇಂಟರ್‌ನೆಟ್ ಕಂಪನಿಗಳಿಗೆ ಆದೇಶ ಹೊರಡಿಸಿತು. ಸಾರ್ವಜನಿಕ ವೈಫೈ ಬಳಸುವವರ ಗುರುತಿನ ಚೀಟಿಯ ಪ್ರತಿ ಪಡೆಯಬೇಕು, ಇಲ್ಲವೇ ಅವರ ಮೊಬೈಲಿಗೆ ಎಸ್‌ಎಂಎಸ್ ಮೂಲಕ ಪಾಸ್‌ವರ್ಡ್ ಕಳುಹಿಸಿ ಆ ನಂಬರನ್ನೇ ಗುರುತಾಗಿ ಒಂದು ವರ್ಷ ಉಳಿಸಿಕೊಳ್ಳಬೇಕು. ರೈಲ್ವೆ ನಿಲ್ದಾಣಗಳ ವೈಫೈ ಒಟಿಪಿ ಇಲ್ಲದೆ ತೆರೆಯದಿರುವುದು ಇದೇ ಕಾರಣಕ್ಕೆ. 2011ರ ಸೈಬರ್ ಕೆಫೆ ನಿಯಮಗಳು ಇನ್ನೂ ಬಿಗಿ: ಬಂದವರ ಗುರುತು ನೋಡಬೇಕು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು, ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಸೈಬರ್ ಕೆಫೆಗಳು ಒಂದೊಂದಾಗಿ ಮುಚ್ಚಿ ಜೆರಾಕ್ಸ್ ಅಂಗಡಿಗಳಾದವು. ಅಡ್ಡಗೋಡೆಯ ಎತ್ತರ ಅಳೆದ ಸರ್ಕಾರ, ಕೆಫೆಯ ಕೆಲಸವೆಲ್ಲ ಲಾಡ್ಜಿನ ವೈಫೈಗೆ ದಾಟಿಕೊಂಡಾಗ ಅಳತೆಯ ಟೇಪನ್ನು ಮಡಚಿಟ್ಟಿತು.

ಗುರುತು ಹಿಡಿಯುವುದು ಮುಖ್ಯ, ಸರಿಯಾಗಿ ಹಿಡಿಯುವುದು ಅದಕ್ಕಿಂತ ಮುಖ್ಯ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಮನೆಯಿಂದ ಕರೆದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿಯ ಅವಹೇಳನ ಮಾಡಿದ ಆರೋಪ. ಆತ 50 ದಿನ ಜೈಲಿನಲ್ಲಿದ್ದರು. ಕೊನೆಗೆ ತಿಳಿದದ್ದೇನೆಂದರೆ ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪು, ಆತನಿಗೂ ಆ ಬರಹಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿ ತಪ್ಪಿದ್ದು ದೊಡ್ಡ ಕಂಪನಿ, ದಾಖಲೆ ಇಡುವುದನ್ನೇ ಕಸುಬು ಮಾಡಿಕೊಂಡದ್ದು. ರೌಟರಿನ ಗಡಿಯಾರ ಸರಿಯಿದೆಯೋ ಇಲ್ಲವೋ ಗೊತ್ತಿಲ್ಲದ ಲಾಡ್ಜಿನ ಮ್ಯಾನೇಜರ್, ಪೊಲೀಸರು ಬಂದು ಕೂತಾಗ, "ಆ ಹೊತ್ತಿಗೆ ಹನ್ನೊಂದನೇ ರೂಮಿನವರು ಇದ್ರು ಸಾರ್" ಎಂದು ಬಾಯಿಗೆ ಬಂದದ್ದು ಹೇಳಿದರೆ ಹನ್ನೊಂದನೇ ರೂಮಿನವರ ಗತಿಯೇನು?

ಘಟನೆ ನಡೆದ ಮೇಲೆ ಪಟ್ಟಿ ಹಿಡಿದು ಹುಡುಕುತ್ತೇವೆ ಎಂಬ ಧೈರ್ಯ ಕೆಲವರಿಗಿದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ಧೈರ್ಯಕ್ಕೆ ತಾಂತ್ರಿಕವಾಗಿ ಈಗ ಯಾವ ಆಧಾರವೂ ಉಳಿದಿಲ್ಲ. ಅದು ಹೇಗೆಂದು ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ರೌಟರ್ ಮಾರುವವರೂ "ಎಲ್ಲಾ ಇದರಲ್ಲೇ ಕಾಣ್ಸುತ್ತೆ ಸಾರ್" ಎಂದೇ ಮಾರುತ್ತಾರೆ.

ವೈಫೈ ಇರುವ ಪ್ರತಿ ಉಪಕರಣಕ್ಕೂ ಮ್ಯಾಕ್ ವಿಳಾಸ ಎಂಬ ಗುರುತು ಇರುತ್ತದೆ. ಅಂಕಿ ಅಕ್ಷರ ಸೇರಿ ಒಟ್ಟು 12. ಮೊದಲ ಆರು ತಯಾರಕರನ್ನು ಸೂಚಿಸುತ್ತವೆ, ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಕಂಪನಿಗಳಿಗೆ ಹಂಚುತ್ತದೆ. ಹಿಂದೆ ಈ ವಿಳಾಸ ಕಾರ್ಖಾನೆಯಲ್ಲಿ ಅಚ್ಚಾದದ್ದೇ ಕೊನೆಯವರೆಗೆ ಉಳಿಯುತ್ತಿತ್ತು. ಅದನ್ನು ಬರೆದಿಟ್ಟುಕೊಂಡರೆ ಫೋನನ್ನು ಮತ್ತೆ ಗುರುತಿಸಬಹುದಿತ್ತು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಪ್ರತಿ ವೈಫೈಗೂ ಒಂದೊಂದು ಸುಳ್ಳು ವಿಳಾಸ ಕಟ್ಟಿಕೊಳ್ಳತೊಡಗಿದವು. ವಿಳಾಸದ ಎಡದಿಂದ ಎರಡನೆಯ ಸ್ಥಾನದಲ್ಲಿ 2, 6, ಎ, ಇ ಇವುಗಳಲ್ಲೊಂದು ಇದ್ದರೆ ಅದು ಫೋನು ತಾನೇ ಹುಟ್ಟಿಸಿಕೊಂಡದ್ದೆಂದು ತಿಳಿಯಬೇಕು. ರೌಟರ್ ಅದರ ಮುಂದೆ "ಅಪರಿಚಿತ" ಎಂದು ಬರೆಯುತ್ತದೆ. ಫೋನಿನ ಸೆಟ್ಟಿಂಗ್ ಬದಲಿಸಿದರೆ ಈ ವಿಳಾಸವೂ ಬದಲು. ಅಪರಿಚಿತ ಎಂದು ತಡೆಹಿಡಿದರೆ ಬೇರೆ ವೇಷದಲ್ಲಿ ಒಳಗೆ ಬರುತ್ತದೆ. ಫೋನು ತನ್ನ ಹೆಸರೆಂದು ಹೇಳಿಕೊಳ್ಳುವ "ರೆಡ್ಮಿ", "ಗ್ಯಾಲಕ್ಸಿ" ಮುಂತಾದವನ್ನು ನಂಬುವಂತಿಲ್ಲ. ಅದನ್ನು ಯಾರು ಬೇಕಾದರೂ ತಿದ್ದಬಹುದು.

ಈ ಬದಲಾವಣೆ ಕಳ್ಳರಿಗಾಗಿ ಆದದ್ದಲ್ಲ. ಮಾಲು, ವಿಮಾನ ನಿಲ್ದಾಣಗಳಲ್ಲಿ ಓಡಾಡುವ ಜನರನ್ನು ಮ್ಯಾಕ್ ವಿಳಾಸದಿಂದಲೇ ಹಿಂಬಾಲಿಸಿ ಜಾಹೀರಾತುದಾರರಿಗೆ ಮಾರುವ ದಂಧೆಯನ್ನು ತಡೆಯಲು ತಂದದ್ದು. ಸರಿಯಾದ ಬದಲಾವಣೆಯೇ. ಆದರೆ ಅದರ ಪರಿಣಾಮವನ್ನು ಒಪ್ಪಿಕೊಳ್ಳಬೇಕು: ಒಳಗೆ ಬಂದ ಮೇಲೆ ಗುರುತು ಹಚ್ಚುವ ಕಾಲ ಮುಗಿದಿದೆ. ಕೇಳುವುದಿದ್ದರೆ ಬಾಗಿಲಲ್ಲೇ ಕೇಳಬೇಕು.

ಸುಳ್ಳು ವಿಳಾಸವಲ್ಲದ ಉಪಕರಣಗಳ ಕಥೆ ಇನ್ನೂ ವಿಚಿತ್ರ. ಮಾಲೀಕರು ಬೆಚ್ಚಿ ಬೀಳುವುದು ಇಲ್ಲಿಯೇ. ಪಟ್ಟಿಯಲ್ಲಿ "ಹಾನ್ ಹೈ" ಎಂದು ಕಂಡರೆ ಯಾವುದೋ ವಿದೇಶಿ ಗೂಢಚಾರಿಕೆ ಎಂದು ಗಾಬರಿ. ಅದು ತೈವಾನಿನ ಫಾಕ್ಸ್‌ಕಾನ್ ಕಂಪನಿಯ ಮೂಲ ಹೆಸರು. ಲ್ಯಾಪ್‌ಟಾಪಿನ ಒಳಗಿನ ವೈಫೈ ಕಾರ್ಡನ್ನು ಅವರು ತಯಾರಿಸಿದ್ದರೆ ಹೊರಗೆ ಯಾವ ಬ್ರ್ಯಾಂಡಿನ ಚೀಟಿ ಅಂಟಿಸಿದ್ದರೂ ಜಾಲದಲ್ಲಿ ಆ ಹೆಸರೇ ಕಾಣುತ್ತದೆ. "ಎಸ್‌ಪ್ರೆಸಿಫ್" ಎಂದು ಬಂದರೆ ಅದು ಶಾಂಘೈನ ಚಿಪ್ ಕಂಪನಿ. ಅಗ್ಗದ ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಅದರ ಚಿಪ್ಪು ಸಾಮಾನ್ಯ. ಅಂದರೆ ಪಟ್ಟಿಯಲ್ಲಿ ಕಂಡ ಅಪರಿಚಿತ ಎಷ್ಟೋ ಸಲ ಮಾಲೀಕರೇ ದೀಪಾವಳಿ ಆಫರಿನಲ್ಲಿ ತಂದು ತಗುಲಿಹಾಕಿದ ಬಲ್ಬು.

ಹಾಗೆಂದು ನಿರಾಳರಾಗುವಂತಿಲ್ಲ, ನಿಜವಾದ ಅಪಾಯ ಅಲ್ಲಿಯೇ ಇದೆ. ಅತಿಥಿಗಳ ಫೋನು ಸೇರುವ ಜಾಲದಲ್ಲೇ ಲಾಡ್ಜಿನ ಸಿಸಿ ಕ್ಯಾಮೆರಾದ ಡಿವಿಆರ್, ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ರೂಮಿನ ಟಿವಿ ಎಲ್ಲವೂ ಕೂತಿರುತ್ತವೆ. ಡಿವಿಆರಿನ ಪಾಸ್‌ವರ್ಡ್ ಅದನ್ನು ಕೂರಿಸಿ ಹೋದವರು ಬಿಟ್ಟ "ಅಡ್ಮಿನ್" ಆಗಿದ್ದರೆ, ಮೂರನೇ ಮಹಡಿಯಲ್ಲಿ ಮಲಗಿಕೊಂಡೇ ಯಾರಾದರೂ ಕಾರಿಡಾರಿನ ಕ್ಯಾಮೆರಾ ನೋಡಬಹುದು, ಯಾವ ರೂಮಿಗೆ ಯಾರು ಹೋದರೆಂದು ತಿಳಿಯಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ವಶಪಡಿಸಿಕೊಂಡದ್ದು ಯಾವ ಮಾಯದಿಂದಲೂ ಅಲ್ಲ. ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಿ ನೋಡಿತು, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಆ ಉಪಕರಣಗಳ ಸೈನ್ಯವೇ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತು. ಮರುವರ್ಷ ಡಾರ್ಕ್‌ಟ್ರೇಸ್ ಎಂಬ ಭದ್ರತಾ ಕಂಪನಿ ಬಹಿರಂಗಪಡಿಸಿದ ಪ್ರಕರಣವಂತೂ ನಗೆ ತರಿಸುತ್ತದೆ. ಉತ್ತರ ಅಮೆರಿಕದ ಜೂಜುಕಟ್ಟೆಯೊಂದರ ಮಾಹಿತಿ ಸೋರಿ ಹೋದದ್ದು ಲಾಬಿಯಲ್ಲಿದ್ದ ಮೀನಿನ ತೊಟ್ಟಿಯ ಮೂಲಕ. ತೊಟ್ಟಿಯ ನೀರಿನ ಬಿಸಿ ಅಳೆಯಲು ಇಂಟರ್‌ನೆಟ್ ಸಂಪರ್ಕ ಕೊಟ್ಟಿದ್ದರು.

ಇದಕ್ಕೆ ಮದ್ದು ದುಬಾರಿಯಲ್ಲ ಎಂಬುದೇ ನಮ್ಮ ಸಿಟ್ಟಿಗೆ ಕಾರಣ. ಈಗ ಮಾರುಕಟ್ಟೆಯಲ್ಲಿರುವ ಬಹಳಷ್ಟು ಸಾಧಾರಣ ರೌಟರುಗಳಲ್ಲೂ "ಗೆಸ್ಟ್ ನೆಟ್‌ವರ್ಕ್" ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಅತಿಥಿಗಳ ಜಾಲ ಬೇರೆ, ಕಚೇರಿಯ ಜಾಲ ಬೇರೆ. ಅದರ ಪಕ್ಕದ ಇನ್ನೊಂದು ಆಯ್ಕೆಯಿಂದ ಒಬ್ಬ ಅತಿಥಿಯ ಫೋನಿಗೆ ಇನ್ನೊಬ್ಬರ ಫೋನು ಕಾಣದಂತೆ ಮಾಡಬಹುದು. ಐದು ನಿಮಿಷದ ಕೆಲಸ. ಫೈಬರ್ ಹಾಕಲು ಬಂದ ಹುಡುಗ ವೇಗ ತೋರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅವನ ಕಂಪನಿ ಅವನಿಗೆ ಇದನ್ನು ಹೇಳಿಕೊಟ್ಟಿಲ್ಲ, ಮಾಲೀಕರು ಕೇಳಿಲ್ಲ. ಆದೇಶ ಹೊರಡಿಸಿದ ದೂರಸಂಪರ್ಕ ಇಲಾಖೆ ಅದು ಪಾಲನೆಯಾಗುತ್ತಿದೆಯೇ ಎಂದು ತಾಲ್ಲೂಕು ಮಟ್ಟಕ್ಕೆ ಇಳಿದು ನೋಡಿದ್ದನ್ನು ನಾವಂತೂ ಕಂಡಿಲ್ಲ. ಭಾರತದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಇದೆ: ಸೇವಾದಾತರು, ಸಂಸ್ಥೆಗಳು, ಸರ್ಕಾರಿ ಕಚೇರಿಗಳು ಜಾಲದ ದಾಖಲೆಯನ್ನು 180 ದಿನ ಇಡಬೇಕು, ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು. ತಾಲ್ಲೂಕು ಕೇಂದ್ರದ ಲಾಡ್ಜು ಹೋಗಲಿ, ಕಾಲೇಜು ಕಚೇರಿಗಳಲ್ಲೇ ಇದರ ಹೆಸರು ಕೇಳಿದವರನ್ನು ಹುಡುಕಬೇಕಾಗುತ್ತದೆ.

ಖರ್ಚಿನ ನೆಪವೂ ನಿಲ್ಲುವುದಿಲ್ಲ. ಕೇಂದ್ರ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ–ವಾಣಿ ಯೋಜನೆಯಡಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಬಳಸುವವರು ಆ್ಯಪ್ ಮೂಲಕ ತಮ್ಮ ಗುರುತು ಖಚಿತಪಡಿಸಿಕೊಂಡು ಬರುತ್ತಾರೆ, ಅದರ ದಾಖಲೆಯ ಜವಾಬ್ದಾರಿ ಮೇಲಿನ ಸಂಸ್ಥೆಯದ್ದು. ಅಂಗಡಿಯವರ ತಲೆನೋವು ಅಲ್ಲಿಗೆ ಕಡಿಮೆ. ಇದನ್ನು ಬಳಸುವುದಿಲ್ಲ, ಒಟಿಪಿ ವ್ಯವಸ್ಥೆ ಬೇಡ, ರೂಮಿಗೊಂದು ಬೇರೆ ಪಾಸ್‌ವರ್ಡ್ ಕೊಡುವ ಶ್ರಮವೂ ಬೇಡ ಎನ್ನುವವರು ವೈಫೈ ಕೊಡುವುದನ್ನೇ ನಿಲ್ಲಿಸಲಿ. ಅಗ್ಗದ ಡೇಟಾದ ಈ ದಿನಗಳಲ್ಲಿ ಅತಿಥಿಗಳೇನೂ ಉಪವಾಸ ಬೀಳುವುದಿಲ್ಲ.

ಇಲ್ಲಿ ಇನ್ನೊಂದು ಪಕ್ಷದ ವಾದವನ್ನೂ ತೂಗಬೇಕು. ಗುರುತು ಕೇಳುವುದೆಂದರೆ ಕಣ್ಗಾವಲಲ್ಲವೇ? ಇಂಟರ್‌ನೆಟ್ ನೋಡಲೂ ಹೆಸರು ಬರೆಸಬೇಕೇ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣ ಹೂಡಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ನೆಲದಲ್ಲಿ ನಿಂತು ಈ ವಾದಕ್ಕೆ ಗೌರವ ಕೊಡಲೇಬೇಕು. ಆದರೆ ಅತಿಥಿ ಯಾರು ಎಂದು ತಿಳಿಯುವುದಕ್ಕೂ ಅತಿಥಿ ಏನು ನೋಡುತ್ತಿದ್ದಾರೆ ಎಂದು ಇಣುಕುವುದಕ್ಕೂ ನಡುವೆ ಗೆರೆಯಿದೆ. ಮೊದಲನೆಯದು ಮಾಲೀಕರ ಕರ್ತವ್ಯ, ಎರಡನೆಯದು ಅಪರಾಧಕ್ಕೆ ಸಮ. ಅಪರಿಚಿತ ಉಪಕರಣ ಪತ್ತೆ ಮಾಡುತ್ತೇನೆಂದು ಜಾಲದ ಸಂಚಾರವನ್ನೇ ಹಿಡಿದು ನೋಡುವ ತಂತ್ರಾಂಶ ಹಾಕಿಕೊಂಡ ಮ್ಯಾನೇಜರ್, ಅತಿಥಿಯ ಫೋನಿನ ಪೋರ್ಟುಗಳನ್ನು ತಟ್ಟಿ ನೋಡುವ "ಕಂಪ್ಯೂಟರ್ ಗೊತ್ತಿರುವ" ಅಳಿಯ, ಇವರಿಬ್ಬರೂ ರಕ್ಷಕರಲ್ಲ. ಅನುಮತಿಯಿಲ್ಲದೆ ಇನ್ನೊಬ್ಬರ ಉಪಕರಣಕ್ಕೆ ಕೈ ಹಾಕುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ಯಾರಿಗೂ ಮನ್ನಿಸುವುದಿಲ್ಲ.

ಯುರೋಪ್ ಇದೇ ಗೆರೆಯನ್ನು 2016ರಲ್ಲಿ ಎಳೆಯಿತು. ಮ್ಯೂನಿಕ್ ಬಳಿ ದೀಪ, ಧ್ವನಿ ಸಲಕರಣೆಗಳ ಅಂಗಡಿ ನಡೆಸುತ್ತಿದ್ದ ಟೋಬಿಯಾಸ್ ಮೆಕ್‌ಫ್ಯಾಡೆನ್ ಅಂಗಡಿಯ ವೈಫೈಗೆ ಪಾಸ್‌ವರ್ಡ್ ಇಟ್ಟಿರಲಿಲ್ಲ. ಯಾರೋ ಅದರ ಮೂಲಕ ಹಾಡು ಕದ್ದು ಹಂಚಿದರು. ಸೋನಿ ಕಂಪನಿ ನೋಟಿಸ್ ಕೊಟ್ಟಿತು, ವಿವಾದ ನ್ಯಾಯಾಲಯಕ್ಕೆ ಹೋಯಿತು. ಯುರೋಪಿನ ನ್ಯಾಯಾಲಯ ಹೇಳಿದ್ದು ಎರಡು ಮಾತು. ಬಳಸಿದವರ ಕಳ್ಳತನಕ್ಕೆ ಅಂಗಡಿಯವರು ದಂಡ ತೆರಬೇಕಿಲ್ಲ, ಜನರ ಸಂಚಾರದ ಮೇಲೆ ಕಣ್ಣಿಡಬೇಕೆಂದೂ ಅವರನ್ನು ಒತ್ತಾಯಿಸುವಂತಿಲ್ಲ. ಆದರೆ ಪಾಸ್‌ವರ್ಡ್ ಇಡಿ, ಅದನ್ನು ಕೊಡುವ ಮೊದಲು ಹೆಸರು ಕೇಳಿ ಎಂದು ನ್ಯಾಯಾಲಯ ಆದೇಶಿಸಬಹುದು. ನಮಗೆ ಬೇಕಾದದ್ದು ಇಷ್ಟೇ.

ಗುರುತು ಕೇಳಿ ಪಡೆದ ಮೇಲೆ ಅದನ್ನು ಕಾಪಾಡುವ ಹೊಣೆಯೂ ಬರುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಹೋಟೆಲ್, ಸಿನಿಮಾ ಮಂದಿರಗಳಂಥ ಕಡೆ ಆಧಾರ್ ಪ್ರತಿ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತು. ದೇಶವೆಲ್ಲ ಗದ್ದಲವಾಗಿ ಎರಡೇ ದಿನಕ್ಕೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದದ್ದು ಗದ್ದಲಕ್ಕೆ ಹೆದರಿ; ಪ್ರಕಟಣೆಯ ಒಳಗಿನ ಎಚ್ಚರಿಕೆ ಸುಳ್ಳಾಗಿರಲಿಲ್ಲ. ಕೌಂಟರಿನ ಡ್ರಾಯರಿನಲ್ಲಿ ಗಂಟು ಕಟ್ಟಿಟ್ಟ ಜೆರಾಕ್ಸುಗಳು ತೆರೆದ ವೈಫೈಗಿಂತ ಕಡಿಮೆ ಅಪಾಯವಲ್ಲ. ವೈಫೈಗೆ ಮೊಬೈಲ್ ನಂಬರು, ಹೊತ್ತು, ರೂಮಿನ ಸಂಖ್ಯೆ ಸಾಕು. ಅದಕ್ಕಾಗಿ ಇನ್ನೊಂದು ಆಧಾರ್ ಪ್ರತಿ ಕೇಳುವುದು ತಪ್ಪು. ಅವಧಿ ಮುಗಿದ ದಾಖಲೆಯನ್ನು ಅಳಿಸದಿರುವುದೂ ತಪ್ಪು.

ಹೆಣ್ಣುಮಕ್ಕಳು ಒಂಟಿಯಾಗಿ ತಂಗುವಾಗ ರೂಮಿನಲ್ಲಿ ಗುಪ್ತ ಕ್ಯಾಮೆರಾ ಇದೆಯೇ ಎಂದು ಆ್ಯಪ್ ಹಾಕಿ ಜಾಲವನ್ನು ತಡಕಾಡುವುದು ಈಗ ರೂಢಿ. ಆ ಭಯಕ್ಕೆ ಕಾರಣವಿದೆ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ್ಯಪ್ ಕೊಡುವ ಧೈರ್ಯ ಅರ್ಧಂಬರ್ಧ. ಮೆಮೊರಿ ಕಾರ್ಡಿಗೆ ಬರೆದುಕೊಳ್ಳುವ ಕ್ಯಾಮೆರಾ ಯಾವ ವೈಫೈ ಪಟ್ಟಿಯಲ್ಲೂ ಕಾಣುವುದಿಲ್ಲ. ಅತಿಥಿಗಳನ್ನು ಒಬ್ಬರಿಂದೊಬ್ಬರು ಮರೆ ಮಾಡಿದ ಜಾಲದಲ್ಲೂ ಆ್ಯಪಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ರೂಮನ್ನು ಪರೀಕ್ಷಿಸುವ ಕೆಲಸವನ್ನು ಅತಿಥಿಯ ಫೋನಿಗೆ ಬಿಟ್ಟು ಮಾಲೀಕರು ಕೈಕಟ್ಟಿ ಕೂರುವಂತಿಲ್ಲ. ತಮ್ಮ ಕಟ್ಟಡದಲ್ಲಿರುವ ಪ್ರತಿ ಕ್ಯಾಮೆರಾ ಎಲ್ಲಿದೆ, ಏನು ನೋಡುತ್ತದೆ ಎಂಬ ಪಟ್ಟಿ ಕೌಂಟರಿನಲ್ಲಿರಬೇಕು. ಆ ಪಟ್ಟಿಯಲ್ಲಿಲ್ಲದ ಒಂದು ಕ್ಯಾಮೆರಾ ಸಿಕ್ಕರೂ ಅದು ಪೊಲೀಸ್ ಪ್ರಕರಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇರುವುದು ಅದಕ್ಕೇ. "ಒಳಗೇ ಬಗೆಹರಿಸಿಕೊಳ್ಳೋಣ ಮೇಡಂ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಪೊಲೀಸರಿಗೂ ಒಂದು ಮಾತು. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಹುಟ್ಟಿದ್ದು 2001ರಲ್ಲಿ ಬೆಂಗಳೂರಿನಲ್ಲಿ. ಈಗ ಸೈಬರ್ ಅಪರಾಧಗಳನ್ನು ನೋಡಲು ಜಿಲ್ಲೆಗೊಂದು ಸಿಇಎನ್ ಠಾಣೆಯಿದೆ. ಹಿರಿಯೂರಿನ ಪಕ್ಕದ ಐಮಂಗಲದಲ್ಲೇ ಪೊಲೀಸ್ ತರಬೇತಿ ಶಾಲೆಯಿದೆ. ರೌಟರಿನ ಪಟ್ಟಿಯಲ್ಲಿ ಕಂಡ ಉಪಕರಣ ಒಬ್ಬ ಮನುಷ್ಯನ ಅಪರಾಧಕ್ಕೆ ಸಾಕ್ಷಿಯಲ್ಲ ಎಂಬ ಪಾಠ ಅಲ್ಲಿಂದ ಹೊರಬರುವ ಪ್ರತಿ ಪೇದೆಗೂ ತಲುಪಬೇಕು. ಲಾಡ್ಜ್ ತಪಾಸಣೆಗೆ ಹೋದಾಗ ರಿಜಿಸ್ಟರಿನ ಪುಟ ತಿರುವುವವರು, ಯಾರು ಯಾರ ಜೊತೆ ತಂಗಿದ್ದಾರೆಂದು ಕೆದಕುವ ಉತ್ಸಾಹ ಬಿಟ್ಟು, ಅತಿಥಿಗಳ ಜಾಲ ಬೇರೆಯಿದೆಯೇ ಎಂದು ಕೇಳುವುದನ್ನು ಕಲಿಯಲಿ.

ಉದ್ದಿಮೆ ಪರವಾನಗಿ ಕೊಡುವುದು, ನವೀಕರಿಸುವುದು ನಗರಸಭೆಯ ಕೈಯಲ್ಲಿದೆ. ಅಗ್ನಿಶಾಮಕ ಸಲಕರಣೆ ಇದೆಯೇ, ಕಸ ವಿಂಗಡಿಸುತ್ತೀರಾ ಎಂದು ಕೇಳುವ ನಗರಸಭೆ, ಸಾರ್ವಜನಿಕರಿಗೆ ವೈಫೈ ಕೊಡುವವರಿಂದ ಮೂರು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಲಿ: ಅತಿಥಿ ಜಾಲವನ್ನು ಕಚೇರಿ ಜಾಲದಿಂದ ಬೇರ್ಪಡಿಸಿದ್ದೀರಾ, ಬಳಸುವವರ ಗುರುತನ್ನು ಹೇಗೆ ಪಡೆಯುತ್ತೀರಿ, ನಿಮ್ಮದೇ ಉಪಕರಣಗಳ ಪಟ್ಟಿ ಎಲ್ಲಿದೆ. ಉತ್ತರ ಕೊಡದವರಿಗೆ ಮೂರು ತಿಂಗಳ ಗಡುವು, ಆ ನಂತರ ವೈಫೈ ಬಂದ್. ಸಿಇಎನ್ ಠಾಣೆಯ ಒಬ್ಬ ಸಿಬ್ಬಂದಿ, ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜು ಸೇರಿದಂತೆ ಊರಿನ ಕಾಲೇಜುಗಳ ಕಂಪ್ಯೂಟರ್ ಬಲ್ಲ ನಾಲ್ಕು ಸಿಬ್ಬಂದಿ ಒಂದು ಭಾನುವಾರ ಕೂತರೆ ಊರಿನ ಲಾಡ್ಜ್ ಮ್ಯಾನೇಜರುಗಳಿಗೆ ಇದನ್ನೆಲ್ಲ ಮಾಡಿ ತೋರಿಸಬಹುದು. ಮೊದಲ ಸಾಲಿನಲ್ಲಿ ನಗರಸಭೆಯ ಕಚೇರಿಯವರೇ ಕೂರಲಿ, ಅವರ ರೌಟರಿನ ಪಟ್ಟಿಯನ್ನೂ ಅಲ್ಲೇ ತೆರೆದು ನೋಡಲಿ.